ನೂರಕ್ಕೆ ಹದಿನಾಲ್ಕು

ಹತ್ತೊಂಬತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡನನ್ನು ಶಾಕಾಂಬರಿ ಎಷ್ಟು ಬಲ್ಲಳು ಎಂದು ಅಳೆದು ನೋಡಿದ ಯಂತ್ರ, ನೂರಕ್ಕೆ ಹದಿನಾಲ್ಕು ಎಂದಿತು. ಬೀದಿಯಲ್ಲಿ ಹೋಗುವವರನ್ನು ಹಿಡಿದು ತಂದು ಕೂರಿಸಿದರೂ ಹತ್ತು ಬರುತ್ತದಂತೆ. ಅಂದರೆ ಹತ್ತೊಂಬತ್ತು ವರ್ಷದ ಸಂಸಾರಕ್ಕೆ ಹೆಚ್ಚಿಗೆ ಸಿಕ್ಕಿದ್ದು ನಾಲ್ಕು.

ಹಾಲ್ವೆನ್ ದ್ವೀಪದ ಶಾಶ್ವತ ವಾಸದ ಕಚೇರಿಯಲ್ಲಿ ಅವಳು ತಲೆಗೆ ಕಟ್ಟಿದ್ದ ಪಟ್ಟಿಯನ್ನು ಇನ್ನೂ ಬಿಚ್ಚದೆ ಕೂತಿದ್ದಳು. ಎದುರಿಗೆ ಅಧಿಕಾರಿ ಹೆಡ್ಡಾ, ಐವತ್ತು ದಾಟಿದ, ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದ ಹೆಂಗಸು. ಅವಳು ತನ್ನ ಭಾಷೆಯಲ್ಲಿ ಆಡಿದ್ದನ್ನು ಶಾಕಾಂಬರಿಯ ಕಿವಿಯೊಳಗಿನ ಮಣಿ ಕನ್ನಡಕ್ಕೆ ತಿರುಗಿಸಿತು.

"ಮಾನ್ಯರೇ, ತಮ್ಮ ವಿವಾಹವು ನೈಜವೆಂಬುದು ರುಜುವಾತಾಗಲಿಲ್ಲ. ಕನಿಷ್ಠ ಅರವತ್ತು ಅಂಕಗಳು ಅಗತ್ಯವಿದ್ದವು."

ಆ ಕಿವಿಮಣಿಯ ಕನ್ನಡವೇ ಹಾಗೆ. ಜಗತ್ತಿನ ಯಾವ ಭಾಷೆಯನ್ನು ಕೊಟ್ಟರೂ ಅದನ್ನು ಇಸ್ತ್ರಿ ಹಾಕಿದ ಪಠ್ಯಪುಸ್ತಕದ ಕನ್ನಡ ಮಾಡಿಕೊಡುತ್ತಿತ್ತು. ಬೈಗುಳವೂ ಅದರೊಳಗೆ ಹಾದು ಬಂದರೆ ಅಭಿನಂದನಾ ಪತ್ರದಂತೆ ಕೇಳಿಸುತ್ತಿತ್ತು.

"ಹಂಗಾದ್ರ ಮುಂದೇನ್ರೀ?" ಎಂದಳು ಶಾಕಾಂಬರಿ.

ಮುಂದೆ ಎರಡು ದಾರಿ ಇದ್ದವು. ಹತ್ತು ದಿನದೊಳಗೆ ಮೇಲ್ಮನವಿ ಕೊಡಬಹುದು. ಅದರಲ್ಲೂ ಸೋತರೆ ಒಂದು ತಿಂಗಳಲ್ಲಿ ದ್ವೀಪ ಬಿಡಬೇಕು, ಅವಳೊಬ್ಬಳೇ. ಗಂಡ ಗುರುಪಾದನಿಗೆ ಶಾಶ್ವತ ವಾಸ ಆಗಲೇ ಸಿಕ್ಕಿತ್ತು. ದ್ವೀಪದ ಕೆಲಸದಲ್ಲಿ ಬಲಗೈ ಕಳೆದುಕೊಂಡವನಿಗೆ ಕಾಯಿದೆ ಅಷ್ಟು ಮಾಡುತ್ತಿತ್ತು. ಇನ್ನೊಂದು ದಾರಿಯೂ ಆ ಕೈಯಿಂದಲೇ ಹುಟ್ಟಿದ್ದು. ಅಂಥವನು ಆರೈಕೆಗೆ ಒಬ್ಬರನ್ನು ಇಟ್ಟುಕೊಳ್ಳಬಹುದಿತ್ತು.

"ಪತ್ನಿಯೆಂಬ ಅರ್ಜಿಯನ್ನು ಹಿಂಪಡೆದು ಆರೈಕೆದಾರಳೆಂದು ಸಹಿ ಮಾಡಿದರೆ ತಮಗೆ ಇಂದೇ ಪತ್ರ ದೊರೆಯುತ್ತದೆ," ಎಂದು ಹೆಡ್ಡಾ ಕಾಗದ ಮತ್ತು ಪೆನ್ನು ಮುಂದೆ ಸರಿಸಿದಳು. ಅವಳ ಮುಖದಲ್ಲಿ ಕೇಡಿರಲಿಲ್ಲ, ಉಪಕಾರ ಮಾಡುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಒಂದು ಸಹಿ. ಸಂಜೆ ಮನೆಗೆ ಹೋಗಿ ರೊಟ್ಟಿ ಬಡಿಯಬಹುದು, ಈ ತಲೆಪಟ್ಟಿಯ ಸಹವಾಸವೇ ಬೇಡ. ಶಾಕಾಂಬರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳು ಪೆನ್ನನ್ನು ಒಂದು ಬೆರಳಿನಿಂದ ಹಿಂದಕ್ಕೆ ನೂಕಿದಳು.

"ನಾ ಅವರ ದಾದಿ ಅಲ್ರೀ ಬಾಯಾರ, ಹೆಂಡ್ತಿ. ಬರದ್ರ ಹಂಗ ಬರೀರಿ. ಇಲ್ಲಾಂದ್ರ ಬರೀಬ್ಯಾಡ್ರಿ."

ಇಳಕಲ್ಲಿನ ನೇಕಾರರು ಆ ಉತ್ತರದ ದ್ವೀಪಕ್ಕೆ ಹೋದದ್ದಾದರೂ ಹೇಗೆ ಎಂದು ಕೇಳುವವರಿಗೆ ಒಂದು ಮಾತು. ಹಾಲ್ವೆನ್ ಜನ ಕರೆಂಟನ್ನು ಆಕಾಶದಿಂದ ಇಳಿಸುತ್ತಿದ್ದರು. ಊರಗಲದ ಗಾಳಿಪಟಗಳನ್ನು ಮೋಡದ ಮೇಲೆ ಹಾರಿಸಿ, ಅವು ಹಗ್ಗ ಜಗ್ಗುವ ಬಲದಿಂದ ಕರೆಂಟು ಹುಟ್ಟಿಸುವುದು ಅವರ ಉಪಾಯ. ಪಟದ ಬಟ್ಟೆ ವರ್ಷಕ್ಕೊಮ್ಮೆ ಒಂದು ಮಗ್ಗುಲಿಗೆ ಸವೆಯುತ್ತಿತ್ತು. ಸವೆದದ್ದನ್ನು ಕತ್ತರಿಸಿ, ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಿ ನೇಯಬೇಕು. ಯಂತ್ರಗಳು ಮಾಡಿದ ಕೂಡಿಕೆ ಗಾಳಿಯಲ್ಲಿ ಬಿಟ್ಟುಕೊಳ್ಳುತ್ತಿತ್ತು, ಏಕೆಂದರೆ ಹಳೆಯ ಎಳೆ ಎಷ್ಟು ಜಗ್ಗಿದರೆ ತಾಳುತ್ತದೆ ಎಂಬುದು ಬೆರಳಿಗೆ ಮಾತ್ರ ತಿಳಿಯುವಂಥದ್ದು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ. ಹೀಗೆ ಗುರುಪಾದ ಸೀರೆ ಬಿಟ್ಟು ಗಾಳಿಪಟಕ್ಕೆ ಕೊಂಡಿ ಹಾಕಲು ಬಂದ, ನೇಕಾರರ ಮಗಳಾದ ಶಾಕಾಂಬರಿ ಮನೆ ನೋಡಿಕೊಳ್ಳಲು ಜೊತೆಗೆ ಬಂದಳು. ಆರು ವರ್ಷ ಅವನ ಕೊಂಡಿ ಒಂದೂ ಬಿಚ್ಚಲಿಲ್ಲ. ಅದನ್ನು ಶಾಕಾಂಬರಿ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಹದಿನಾಲ್ಕು ತಿಂಗಳ ಹಿಂದೆ ಹಗ್ಗ ಸುತ್ತುವ ರಾಟೆಯೊಂದು ಗುರುಪಾದನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತು. ಕೃತಕ ಕೈ ಕೊಡುತ್ತೇವೆಂದರು. ಹಾಕಿ ನೋಡಿದ. ಎಳೆಯ ಬಿಗಿ ಅದಕ್ಕೆ ತಿಳಿಯಲಿಲ್ಲ, ಬಿಚ್ಚಿಟ್ಟ. ಅಂದಿನಿಂದ ಮಗ್ಗದ ಮುಂದೆ ಅವನ ಬಲಮಗ್ಗುಲಿಗೆ ಶಾಕಾಂಬರಿ ಕೂತಳು. ಅವನ ಎಡಗೈ, ಇವಳ ಬಲಗೈ. ಕಾರ್ಖಾನೆಯವರು ಮೊದಲು ಗೊಣಗಿದರು. ಒಂದು ತಿಂಗಳ ಕೂಡಿಕೆ ನೋಡಿ ಸುಮ್ಮನಾದರು.

ಇನ್ನು ಆ ಯಂತ್ರ. ವಾಸದ ಪತ್ರಕ್ಕಾಗಿ ಸುಳ್ಳು ಮದುವೆಯಾಗುವವರು ಹೆಚ್ಚಿದ ಕಾಲ ಅದು. ಹಿಂದೆ ಅಧಿಕಾರಿಗಳು ಫೋಟೋ ನೋಡುತ್ತಿದ್ದರು, ಗಂಡನ ಹಲ್ಲುಜ್ಜುವ ಬ್ರಷ್ಷು ಯಾವ ಬಣ್ಣ ಎಂದು ಕೇಳುತ್ತಿದ್ದರು. ದಲ್ಲಾಳಿಗಳು ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಸಿ ಕಳಿಸತೊಡಗಿದ ಮೇಲೆ ಈ ಜೋಡಿಮಾಪಕ ಬಂತು. ಅದರ ತತ್ವ ಸರಳ. ನಮ್ಮ ಮಿದುಳು ಕಣ್ಣಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ. ಮನೆಯವರು ಚಹಾದ ಲೋಟ ಎತ್ತಿದರೆ ಊದುತ್ತಾರೋ, ಸೀದಾ ಬಾಯಿಗಿಡುತ್ತಾರೋ ಎಂಬುದು ನೋಡುವ ಮೊದಲೇ ನಮಗೆ ಗೊತ್ತಾಗಿರುತ್ತದೆ. ಒಬ್ಬರನ್ನು ಮನೆಯಂಥದೇ ಕೋಣೆಯಲ್ಲಿ ಎರಡು ಗಂಟೆ ಒಂಟಿಯಾಗಿ ಬಿಟ್ಟು ಚಿತ್ರ ತೆಗೆಯುತ್ತಾರೆ. ಪ್ರತಿ ಕೆಲಸವನ್ನೂ ಅರ್ಧಕ್ಕೆ ತಡೆದು ಇನ್ನೊಬ್ಬರಿಗೆ ತೋರಿಸುತ್ತಾರೆ. ತಲೆಯ ಪಟ್ಟಿ ಮಿದುಳಿನ ಊಹೆಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಯಂತ್ರವೇ ಅದನ್ನು ತೋರಿಸದ ಉಳಿದರ್ಧದ ಜೊತೆ ತಾಳೆ ನೋಡುತ್ತದೆ. ಇದನ್ನು ಬಾಯಿಪಾಠ ಮಾಡಲು ಬರುವುದಿಲ್ಲ. ಇಬ್ಬರ ಪಟ್ಟಿಯನ್ನೂ ಒಬ್ಬನೇ ಕಟ್ಟಿಕೊಂಡು ಮೋಸ ಮಾಡಿದ ಭೂಪನೊಬ್ಬ ಸಿಕ್ಕಿಬಿದ್ದ ಮೇಲೆ, ಎರಡು ಪಟ್ಟಿಯಲ್ಲೂ ಒಂದೇ ಮಿದುಳು ಕಂಡರೆ ಕೂಗಿಕೊಳ್ಳುವ ಏರ್ಪಾಡನ್ನೂ ಯಂತ್ರಕ್ಕೆ ಸೇರಿಸಿದ್ದರು.

ಕಾರ್ಖಾನೆಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಸಂಜೆ ಗುರುಪಾದ ಉಳ್ಳಾಗಡ್ಡಿ ಹಿಡಿದುಕೊಂಡು ನಿಂತಿದ್ದ. ಅವನು ಎಡಗೈಯಲ್ಲಿ ಹಿಡಿದ, ಇವಳು ಬಲಗೈಯಲ್ಲಿ ಚಾಕು ಆಡಿಸಿದಳು. ಉಪ್ಪಿನಕಾಯಿಯ ಬಾಟಲಿಯನ್ನು ಅವನು ಎತ್ತಿದ, ಇವಳು ಮುಚ್ಚಳ ತಿರುವಿದಳು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಕೈ ಹೋದ ಮೊದಲ ವಾರ ಎರಡು ಸಲ ಬಾಟಲಿ ಬಿದ್ದು ಒಡೆದದ್ದು ಬಿಟ್ಟರೆ ಆಮೇಲೆ ಅದರ ಬಗ್ಗೆ ಮಾತೇ ಆಗಿರಲಿಲ್ಲ.

"ಎಷ್ಟು ಬಂತು?" ಎಂದ ಗುರುಪಾದ.

"ಹದಿನಾಕು."

ಅವನು ಉಳ್ಳಾಗಡ್ಡಿಯನ್ನು ಹಲಗೆಯ ಮೇಲೆ ಬಿಟ್ಟ. "ನೂರಕ್ಕೇನು?"

"ನೂರಕ್ಕ. ಆ ಖೋಲ್ಯಾಗ ಏನ್ ಮಾಡಿದ್ರೀ ನೀವು? ತೋರಿಸಿದ್ದು ಒಂದೂ ತಾಳೆ ಆಗ್ಲಿಲ್ಲ. ಅಷ್ಟಷ್ಟ ತೋರಿಸಿ ತೋರಿಸಿ ಬಂದ್ ಮಾಡ್ತಿದ್ರು, ನಂಗ ತಲಿಬುಡ ತಿಳೀಲಿಲ್ಲ."

"ದಿನಾ ಮಾಡೋದ ಮಾಡ್ದೆ," ಎಂದು ಗುರುಪಾದ ಗೋಡೆಯ ಕಡೆ ನೋಡಿದ. ಸುಳ್ಳು ಹೇಳುವಾಗ ಅವನು ಗೋಡೆ ನೋಡುತ್ತಾನೆ ಎಂಬುದು ಅವಳಿಗೆ ಮದುವೆಯಾದ ವರ್ಷದಿಂದ ಗೊತ್ತು. ಯಂತ್ರ ಅದನ್ನು ಕೇಳಿದ್ದರೆ ಪೂರಾ ಅಂಕ ಸಿಗುತ್ತಿತ್ತು.

ಮೇಲ್ಮನವಿ ಕೊಟ್ಟವರಿಗೆ ಚಿತ್ರವನ್ನು ಪೂರ್ತಿ ನೋಡುವ ಹಕ್ಕಿತ್ತು. ಮೂರನೆಯ ದಿನ ಶಾಕಾಂಬರಿ ಪರೀಕ್ಷಾ ಕೋಣೆಗೆ ಹೋದಳು. ಯಂತ್ರವನ್ನು ನೋಡಿಕೊಳ್ಳುವ ಯೂನಾಸ್ ಎಂಬ ಉದ್ದನೆಯ, ಬಗ್ಗಿದ ಬೆನ್ನಿನ ಮನುಷ್ಯ ಅವಳನ್ನು ಪರದೆಯ ಮುಂದೆ ಕೂರಿಸಿದ.

ಪರದೆಯ ಮೇಲೆ ಗುರುಪಾದ ಬಾಟಲಿಯನ್ನು ಎರಡು ಮೊಣಕಾಲಿನ ನಡುವೆ ಇರುಕಿಸಿ ಎಡಗೈಯಿಂದ ಮುಚ್ಚಳ ತಿರುವಿ ತೆಗೆದ. ಉಳ್ಳಾಗಡ್ಡಿಯನ್ನು ಹಲಗೆಯ ಅಂಚಿಗೆ ಒತ್ತಿ, ಮೊಣಕೈಯಿಂದ ಅದುಮಿ ಹಿಡಿದು ಹೆಚ್ಚಿದ. ಬೂಟಿನ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದ. ಅಂಗಿಯ ಏಳು ಗುಂಡಿಯನ್ನೂ ಕೆಳಗಿನಿಂದ ಮೇಲಕ್ಕೆ ಸರಸರ ಹಾಕಿದ. ಒಂದಕ್ಕೂ ತಡವರಿಸಲಿಲ್ಲ. ನೋಡಿದರೆ ತಿಂಗಳುಗಟ್ಟಲೆ ಕಲಿತ ಕೈ ಎಂದು ತಿಳಿಯುತ್ತಿತ್ತು.

ಶಾಕಾಂಬರಿಯ ಎದೆ ಉಬ್ಬಿತು. ಎಂಥ ಗಂಡ ನನ್ನವನು, ಎಂದುಕೊಂಡಳು. ಮರುಕ್ಷಣವೇ ಕೋಪ ನೆತ್ತಿಗೇರಿತು. ಇದರಲ್ಲಿ ಒಂದನ್ನಾದರೂ ಅವನು ಅವಳ ಮುಂದೆ ಮಾಡಿದ್ದಿದ್ದರೆ ಅವಳಿಗೆ ಗೊತ್ತಿರುತ್ತಿತ್ತು. ನೋಡದ್ದನ್ನು ಯಾವ ಹೆಂಡತಿ ಊಹಿಸಿಯಾಳು?

"ಇಲ್ಲೊಂದು ವಿಸ್ಮಯವಿದೆ," ಎಂದಿತು ಕಿವಿಮಣಿ. ಯೂನಾಸ್ ಅವಳ ಮಿದುಳಿನ ನಕ್ಷೆ ತೆರೆದು ತೋರಿಸುತ್ತಿದ್ದ. "ಅಪರಿಚಿತರ ಊಹೆಯು ತಡವಾಗಿಯೂ ಮಂಕಾಗಿಯೂ ಬರುತ್ತದೆ. ತಮ್ಮದು ಬೇಗನೆ ಬಂದಿದೆ, ಬಲವಾಗಿ ಬಂದಿದೆ. ಆದರೆ ಯಂತ್ರವು ಹುಡುಕುವ ಜಾಗದಲ್ಲಿಲ್ಲ. ಇಗೋ, ತಲೆಯ ಎಡಭಾಗದ ಈ ಚುಕ್ಕೆ. ಇದು ತಮ್ಮ ಸ್ವಂತ ಬಲಗೈಯನ್ನು ಆಡಿಸುವ ಜಾಗ."

"ನನ್ನ ಕೈಯೇನ್ರೀ?"

"ತಮ್ಮದೇ. ಅವರು ಬಾಟಲಿ ಎತ್ತಿದಾಗ ಮುಂದೇನು ಮಾಡುತ್ತಾರೆಂದು ತಾವು ಊಹಿಸಲೇ ಇಲ್ಲ. ಮುಚ್ಚಳ ತಿರುವಲು ತಾವೇ ಹೊರಟಿರಿ. ಅರವತ್ತನಾಲ್ಕು ಕೆಲಸಗಳಲ್ಲಿ ಐವತ್ತೈದು ಸಲ ಹೀಗೆಯೇ ಆಗಿದೆ. ಯಂತ್ರವು ಅದನ್ನು ತಪ್ಪೆಂದು ಎಣಿಸಿದೆ."

ಶಾಕಾಂಬರಿ ಮಡಿಲಲ್ಲಿದ್ದ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಅವಳಿಗೆ ನಾಚಿಕೆಯೂ ಆಯಿತು, ಒಂದು ಬಗೆಯ ಜಂಬವೂ ಆಯಿತು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಬಾಟ್ಲಿ ಮುಚ್ಚಳಾ ನಿಮ್ಗ ಒಬ್ಬರಿಗೇ ತೆಗೀಲಿಕ್ಕೆ ಬರ್ತಿತ್ತೇನ್ರೀ?"

ಗುರುಪಾದ ಗೋಡೆ ನೋಡಲಿಲ್ಲ. "ಬರ್ತಿತ್ತು," ಎಂದ.

"ಎಂದಿಂದ?"

"ಬ್ಯಾಸಿಗಿಯಿಂದ. ಕಾರ್ಖಾನ್ಯಾಗ ಊಟದ ಬಿಡುವಿನ್ಯಾಗ ಕಲ್ತೆ."

"ಎಂಟು ತಿಂಗಳು! ಎಂಟು ತಿಂಗಳು ನನ್ನ ಕೈಲೆ ಗುಂಡಿ ಹಾಕಿಸ್ಕೊಂಡ್ರಿ. ಮನ್ಯಾಗ ಬಾರದ್ದು ಅಲ್ಲಿ ಅವರ ಮುಂದ ಹ್ಯಾಂಗ ಬಂತು?"

"ಪರೀಕ್ಷೆಗೆ ಬರ್ರಿ ಅಂತ ಕಳಿಸಿದ್ರಲ್ಲ, ಆ ಮೊದಲನೇ ಕಾಗದದಾಗ ನಿನ್ನ ಹೆಸರಿನ ಮುಂದ ಆರೈಕೆದಾರಳು ಅಂತ ಬರದಿದ್ರು. ನೋಡಿ ಮೈ ಉರೀತು ನಂಗ. ಅದಕ್ಕ ಎಲ್ಲಾ ಒಬ್ಬನ ಮಾಡಿ ತೋರಿಸ್ದೆ. ನನ್ನ ಹೆಂಡ್ತಿ ನನ್ನ ಆಳಲ್ಲ ಅಂತ ಅವರಿಗೆ ಗೊತ್ತಾಗ್ಲಿ ಅಂತ."

ಪೆನ್ನು ಹಿಂದಕ್ಕೆ ನೂಕಿದವಳಿಗೆ ಈ ಮಾತು ಅರ್ಥವಾಗದೆ ಇರುತ್ತದೆಯೇ? ಅವಳ ಬಿಂಕವೂ ಅವನ ಬಿಂಕವೂ ಒಂದೇ ಮಗ್ಗದ ಬಟ್ಟೆ. ಆದರೂ ಎಂಟು ತಿಂಗಳು ಮೋಸ ಹೋದೆನೆಂಬ ಕೋಪ ಇಳಿಯಲಿಲ್ಲ. ಅವಳು ಮಾತು ಬಿಟ್ಟಳು. ಮರುದಿನ ಕಚೇರಿಯಿಂದ ಪತ್ರ ಬಂತು: ಗುರುಪಾದರು ಎಲ್ಲ ಕೆಲಸಗಳನ್ನೂ ಸ್ವತಃ ಮಾಡಿಕೊಳ್ಳಬಲ್ಲರೆಂದು ಚಿತ್ರದಿಂದ ತಿಳಿದುಬಂದಿರುವುದರಿಂದ ಅವರಿಗೆ ಆರೈಕೆದಾರರ ಅಗತ್ಯವಿಲ್ಲ. ಸುಲಭದ ಬಾಗಿಲು ಹೀಗೆ ಮುಚ್ಚಿತು. ಮುಚ್ಚಿದವನು ಅವಳ ಗಂಡನೇ. ಮೇಲ್ಮನವಿಯಲ್ಲಿ ಸೋತರೆ ಅವಳು ಸಾಮಾನು ಕಟ್ಟಬೇಕು.

ವಿಚಾರಣೆಯ ಬೆಳಿಗ್ಗೆ ಅವಳು ಇಳಕಲ್ ಸೀರೆಯನ್ನೇ ಉಟ್ಟು ಹೋದಳು. ಮದುವೆಯ ವರ್ಷ ಗುರುಪಾದ ನೇಯ್ದ ಕೆಂಪು ಸೆರಗಿನ ಸೀರೆ ಅದು. ನಾಲ್ಕು ದಿನದಿಂದ ಮಾತಿಲ್ಲದೆ ಇಬ್ಬರೂ ಟ್ರಾಮಿನಲ್ಲಿ ಅಕ್ಕಪಕ್ಕ ಕೂತು ಹೋದರು.

ಯೂನಾಸ್ ನಕ್ಷೆ ತೋರಿಸಿ ತನ್ನ ಮಾತು ಮುಗಿಸಿದ. ಹೆಡ್ಡಾ ಗಮನವಿಟ್ಟು ಕೇಳಿದಳು. ಅವಳು ದಡ್ಡಿಯಲ್ಲ.

"ಒಪ್ಪಿದೆ, ಇವರ ಕೈ ನೆರವಿಗೆ ಏಳುತ್ತದೆ," ಎಂದಳು. "ಆದರೆ ಒಳ್ಳೆಯ ದಾದಿಯ ಕೈಯೂ ಏಳುತ್ತದೆ. ಇದರಿಂದ ಆರೈಕೆ ರುಜುವಾತಾಯಿತೇ ಹೊರತು ವಿವಾಹವಲ್ಲ."

ಆಗ ಶಾಕಾಂಬರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

"ಬಾಯಾರ, ದಾದಿ ಕೊಡ್ತಾಳ, ರೋಗಿ ತಗೋತಾನ. ನಮ್ಮದು ಹಂಗಲ್ರೀ. ಒಂದು ಚೌಕಟ್ಟು ತರಸ್ರಿ, ಈ ಮಗ್ಗಲು ಹಳೇ ಹಾಸು, ಆ ಮಗ್ಗಲು ಹೊಸಾ ಹಾಸು. ಇಬ್ಬರ ತಲಿಗೂ ಪಟ್ಟಿ ಕಟ್ರಿ. ನಡುವ ಪರದೆ ಹಾಕ್ರಿ, ಕೈ ಮ್ಯಾಲೂ ಬಟ್ಟಿ ಹೊಚ್ಚರಿ. ನಾವು ಕೊಂಡಿ ಹಾಕ್ತೀವಿ. ಯಾರು ಯಾರ ಆಳು ಅಂತ ನಿಮ್ಮ ಯಂತ್ರನ ಹೇಳ್ಲಿ."

ಕಾರ್ಖಾನೆಯಿಂದ ಅರವತ್ತನಾಲ್ಕು ಎಳೆಯ ಚಿಕ್ಕ ಚೌಕಟ್ಟು ಬಂತು. ಮಧ್ಯೆ ಪರದೆ ಕಟ್ಟಿದರು. ಗಂಡ ಆ ಕಡೆ, ಹೆಂಡತಿ ಈ ಕಡೆ, ನಾಲ್ಕು ದಿನದ ಮೌನ ನಡುವೆ. ಬಟ್ಟೆಯ ಕೆಳಗೆ ಅವನ ಎಡಗೈ ಹಳೆಯ ಎಳೆಯನ್ನು ಮಡಚಿ ಕುಣಿಕೆ ಮಾಡಿ ಹಿಡಿಯಬೇಕು, ಅವಳ ಬಲಗೈ ಹೊಸ ಎಳೆಯನ್ನು ಅದರೊಳಗೆ ತೂರಿಸಿ ತಿರುಗಿಸಿ ತರಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಜಗ್ಗಬೇಕು. ಒಬ್ಬರು ಕೂದಲೆಳೆಯಷ್ಟು ಹೆಚ್ಚು ಜಗ್ಗಿದರೆ ಹಳೆಯ ಎಳೆ ಹರಿಯುತ್ತದೆ, ಕಡಿಮೆ ಜಗ್ಗಿದರೆ ಕೊಂಡಿ ಜಾರುತ್ತದೆ.

ಮೊದಲ ಕೊಂಡಿ ಬಿತ್ತು. ಎರಡನೆಯದು ಬಿತ್ತು. ಹತ್ತು ಕೊಂಡಿಯಾಗುವಷ್ಟರಲ್ಲಿ ಶಾಕಾಂಬರಿಯ ಬಾಯಿ ತಡೆಯಲಿಲ್ಲ.

"ಎಂಟು ತಿಂಗಳು. ಮುಖದ ಮ್ಯಾಲ ಏನೂ ತೋರಿಸ್ಲಿಲ್ಲ."

"ಇದು ಜಾಗಾ ಅಲ್ಲ, ಸುಮ್ಮಿರು," ಎಂದ ಪರದೆಯ ಆಚೆಯಿಂದ ಗುರುಪಾದ.

"ಮತ್ಯಾವುದ್ರೀ ಜಾಗಾ? ಮನ್ಯಾಗ ಕೇಳಿದ್ರ ನೀವು ಹೇಳೂದಿಲ್ಲ."

"ನೀ ಮಾತಾಡಿದ್ರಲ್ಲ ಕೇಳೂದು! ನಾಕು ದಿನ ಆತು, ಚಾ ಆತೇನು ಅಂತ ಸತೇಕ ಅಂದಿಲ್ಲ."

"ಅನ್ನೂದಿಲ್ಲ. ಚಾ ಮಾಡ್ಕೊಳ್ಳಾಕೂ ಬರ್ತಿರಬೇಕು ನಿಮ್ಗ, ಯಾರಿಗ್ಗೊತ್ತು!"

ಹೆಡ್ಡಾಳ ಕಿವಿಯಲ್ಲೂ ಒಂದು ಮಣಿಯಿತ್ತು. ಅದು ಈ ಜಗಳವನ್ನು ಅವಳ ಭಾಷೆಯಲ್ಲಿ ಎಷ್ಟು ಮರ್ಯಾದೆಯಿಂದ ಹೇಳುತ್ತಿತ್ತೋ, ಅವಳು ಹುಬ್ಬೇರಿಸಿ ಯೂನಾಸನ ಕಡೆ ನೋಡಿದಳು. ಬಟ್ಟೆಯ ಕೆಳಗೆ ಕೈಗಳು ನಿಂತಿರಲಿಲ್ಲ. ಮಾತು ಬಿರುಸಾದಂತೆ ಅವು ಇನ್ನೂ ಬೇಗ ಓಡುತ್ತಿದ್ದವು.

"ಒಂದ ಹೇಳ್ರಿ," ಎಂದಳು ಶಾಕಾಂಬರಿ. "ಯಾಕ ಮುಚ್ಚಿಟ್ರಿ?"

ಪರದೆಯ ಆಚೆಯ ಕೈ ಇನ್ನೊಂದು ಕುಣಿಕೆ ಮಡಚಿ ಹಿಡಿಯಿತು.

"ಹೇಳಿದ್ರ ನೀ ಬಾಜೂಕ ಬಂದು ನಿಂದ್ರತಿದ್ದೇನು?" ಎಂದ ಗುರುಪಾದ. "ಕೈ ಇದ್ದಾಗ ಹದಿನೆಂಟು ವರ್ಷ ನೀ ಒಲಿ ಮುಂದ, ನಾ ಮಗ್ಗದ ಮುಂದ. ಕೈ ಹೋದಮ್ಯಾಲ ದಿನಾ ನನ್ನ ಮಗ್ಗಲದಾಗ ಇದ್ದಿ. ಒಬ್ಬನ ಮಾಡ್ಕೋತೀನಿ ಅಂದ್ರ ನೀ ಮತ್ತ ಒಲಿ ಮುಂದ ಹೋಗ್ತಿದ್ದಿ. ಅದಕ್ಕ ಹೇಳ್ಲಿಲ್ಲ."

ಶಾಕಾಂಬರಿಯ ಕಣ್ಣು ತುಂಬಿ ಚೌಕಟ್ಟೂ ಪರದೆಯೂ ಕಲಸಿಹೋದವು. ಅವಳ ಬಲಗೈ ಮಾತ್ರ ಎಳೆ ತೂರಿಸಿ, ತಿರುಗಿಸಿ, ಹಿಂದಕ್ಕೆ ತಂದಿತು. ಎರಡೂ ಕೈ ಒಟ್ಟಿಗೆ ಜಗ್ಗಿದವು. ಅದು ನಲವತ್ತೊಂದನೆಯ ಕೊಂಡಿ.

ಆಗ ಯಂತ್ರ ಕೂಗಿಕೊಂಡಿತು. ಕೆಂಪು ದೀಪ ಹೊತ್ತಿ, ಯಂತ್ರದ ಪರದೆಯ ಮೇಲೆ ದೊಡ್ಡ ಅಕ್ಷರ ಮೂಡಿತು. ಹೆಡ್ಡಾ ಅದನ್ನು ಗಟ್ಟಿಯಾಗಿ ಓದಿದಳು. ಕಿವಿಮಣಿ ಎಂದಿನ ಗಾಂಭೀರ್ಯದಲ್ಲಿ ಕನ್ನಡಿಸಿತು:

"ಎಚ್ಚರಿಕೆ. ಎರಡೂ ಪಟ್ಟಿಗಳನ್ನು ಒಬ್ಬರೇ ಧರಿಸಿದ್ದಾರೆ. ದಯವಿಟ್ಟು ಎರಡನೆಯವರನ್ನು ಕೂರಿಸಿ."

ಯೂನಾಸ್ ಓಡಿಬಂದು ಪಟ್ಟಿಗಳನ್ನು ಮುಟ್ಟಿ ನೋಡಿದ. ಒಂದು ಇವಳ ತಲೆಯ ಮೇಲಿತ್ತು, ಇನ್ನೊಂದು ಅವನ ತಲೆಯ ಮೇಲಿತ್ತು. ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದ. ಹತ್ತು ಕೊಂಡಿಯಾಗುವಷ್ಟರಲ್ಲಿ ಅದು ಮತ್ತೆ ಕೂಗಿತು. ಎರಡನೆಯವರನ್ನು ಕೂರಿಸಿ.

"ಮುಗಸೂಣೇನ್ರಿ? ಇನ್ನ ಹದಿಮೂರು ಅದಾವು," ಎಂದ ಗುರುಪಾದ, ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ.

ಅರವತ್ತನಾಲ್ಕೂ ಮುಗಿದ ಮೇಲೆ ಹೆಡ್ಡಾ ತಾನೇ ಬಂದು ಬಟ್ಟೆ ಸರಿಸಿದಳು. ಕೂಡಿಕೆಯ ಮೇಲೆ ಬೆರಳಾಡಿಸಿದಳು, ಆಮೇಲೆ ಎರಡೂ ಕೈಯಿಂದ ಜೋರಾಗಿ ಜಗ್ಗಿದಳು. ಒಂದು ಎಳೆಯೂ ಬಿಡಲಿಲ್ಲ. ಅವಳು ಮೇಜಿಗೆ ಹಿಂದಿರುಗಿ ಅರ್ಜಿ ತೆರೆದಳು. ಅಂಕ ಬರೆಯುವ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಒಬ್ಬರನ್ನೇ ಕಂಡ ಯಂತ್ರ ಯಾರಿಗೆ ಯಾರು ಗೊತ್ತೆಂದು ಅಂಕ ಕೊಟ್ಟೀತು? ಆ ಜಾಗವನ್ನು ಖಾಲಿ ಬಿಟ್ಟು ಹೆಡ್ಡಾ ಕೆಳಗಿನ ಸಾಲಿನಲ್ಲಿ ಒಂದೇ ಪದ ಬರೆದಳು.

"ಏನ್ ಬರದ್ರೀ?" ಎಂದಳು ಶಾಕಾಂಬರಿ.

"ಪತ್ನಿ," ಎಂದಿತು ಕಿವಿಮಣಿ. ಆ ಮಣಿಯ ಕನ್ನಡ ಅವಳಿಗೆ ಮೊದಲ ಸಲ ಚೆಂದ ಕೇಳಿಸಿತು.

ಆವತ್ತು ಮಧ್ಯಾಹ್ನ ಊಟಕ್ಕೆ ಅವಳು ರೊಟ್ಟಿ ಬಡಿದಳು, ಪುಂಡಿಪಲ್ಯೆ ಇಲ್ಲದ ಊರಿನಲ್ಲಿ ಪಾಲಕ್ಕಿನ ಪಲ್ಯ ಮಾಡಿದಳು. ಗುರುಪಾದ ಅಭ್ಯಾಸಬಲದಿಂದ ಉಪ್ಪಿನಕಾಯಿಯ ಬಾಟಲಿ ಎತ್ತಿ ಅವಳ ಕಡೆ ಚಾಚಿದ. ಶಾಕಾಂಬರಿ ಮುಟ್ಟಲಿಲ್ಲ.

"ಇವತ್ತ ನೀವ ತೆಗೀರಿ," ಎಂದಳು. "ಪರದೆ ಮ್ಯಾಲ ನೋಡೇನಿ. ಎದುರಿಗೆ ನೋಡ್ಬೇಕು."

"ಮತ್ತ ಒಲಿ ಮುಂದ ಹೋಗ್ತಿ?"

"ಎಲ್ಲಿಗೂ ಹೋಗೂದಿಲ್ಲ. ತೆಗೀರಿ ಸುಮ್ನ."

ಅವನು ಕುರ್ಚಿಯ ಮೇಲೆ ಕೂತು ಬಾಟಲಿಯನ್ನು ಮೊಣಕಾಲಿನ ನಡುವೆ ಇರುಕಿಸಿದ, ಎಡಗೈಯನ್ನು ಮುಚ್ಚಳದ ಮೇಲಿಟ್ಟ. ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಮುಚ್ಚಳ ಬಿಗಿಯಾಗಿತ್ತು. ಎದುರಿಗೆ ನಿಂತಿದ್ದ ಶಾಕಾಂಬರಿಯ ಬಲಗೈ ತಾನಾಗಿ ಮೇಲೆದ್ದಿತ್ತು. ಅವಳು ಅದನ್ನು ಎಡಗೈಯಿಂದ ಹಿಡಿದು, ಸೆರಗಿನೊಳಗೆ ಅವುಚಿಕೊಂಡು, ಮುಚ್ಚಳ ಟಕ್ಕೆಂದು ಬಿಚ್ಚಿಕೊಳ್ಳುವವರೆಗೂ ಹಾಗೆಯೇ ನಿಂತಳು.